ಸಹಾಯ ಬೇಕು: ಸಣ್ಣ ವೆಲ್ಡಿಂಗ್ ಶಾಪಿನಲ್ಲಿ ಸಿಲಿಂಡರ್ ಇಡುವುದು ಹೇಗೆ?

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದು ಚಿಕ್ಕ ವೆಲ್ಡಿಂಗ್ ಶಾಪ್. ಕಪ್ಪು ಬಣ್ಣದ ಆಕ್ಸಿಜನ್ ಸಿಲಿಂಡರ್ ಎರಡು, ಮೆರೂನ್ ಬಣ್ಣದ ಅಸಿಟಿಲೀನ್ ಒಂದು ಸದಾ ಇರುತ್ತವೆ. ನೆಟ್ಟಗೆ ನಿಲ್ಲಿಸಿ, ಸರಪಳಿ ಬಿಗಿದೇ ಇಡುತ್ತೇವೆ. ಗ್ರೀಸ್ ಮೆತ್ತಿದ ಕೈಯನ್ನು ಆಕ್ಸಿಜನ್ ವಾಲ್ವಿನ ಹತ್ತಿರ ಸುಳಿಯಲು ಬಿಡುವುದಿಲ್ಲ. ದಾಸ್ತಾನಿನಲ್ಲಿ ಆಕ್ಸಿಜನ್ ಮತ್ತು ಅಸಿಟಿಲೀನ್ ಸಿಲಿಂಡರುಗಳ ನಡುವೆ 6 ಮೀಟರ್ ಅಂತರ, ಇಲ್ಲವೇ ಬೆಂಕಿ ತಡೆಯುವ 1.5 ಮೀಟರ್ ಎತ್ತರದ ಗೋಡೆ ಇರಬೇಕೆಂದು ಓದಿದ್ದೇನೆ. ಶೆಡ್ಡಿನಲ್ಲಿ ಅಷ್ಟು ಜಾಗವೇ ಇಲ್ಲ.

ಅಸಿಟಿಲೀನನ್ನು ಹೊರಗೆ ತಗಡಿನ ಮಾಡಿನಡಿ ಇಟ್ಟು ನೋಡಿದೆವು. ಮಳೆಯ ಎರಚಲಿಗೂ ಕಡಲಿನ ಉಪ್ಪುಗಾಳಿಗೂ ಸಿಲಿಂಡರಿನ ತಳದಲ್ಲಿ ತುಕ್ಕು ಹಿಡಿಯತೊಡಗಿತು. ಒಳಗಿಟ್ಟರೆ ಸೋರಿದ ಗ್ಯಾಸ್ ತುಂಬಿಕೊಂಡೀತೆಂಬ ಭಯ. ಗ್ಯಾಸ್ ತರುವವರು "ಎಲ್ಲರೂ ಒಟ್ಟಿಗೇ ಇಡುತ್ತಾರೆ" ಎನ್ನುತ್ತಾರೆ. ಕೆಲಸದ ಹುಡುಗರ ಜೀವದ ವಿಷಯದಲ್ಲಿ ಆ ಮಾತು ನನಗೆ ಒಪ್ಪಿಗೆಯಿಲ್ಲ.

ಕರಾವಳಿಯಲ್ಲಿ ಇಂಥ ಶಾಪ್ ನಡೆಸುವವರು ದಯವಿಟ್ಟು ತಿಳಿಸಿ: ಹೊರಗೋಡೆಗೆ ತಾಗಿಸಿ, ನಡುವೆ ಇಟ್ಟಿಗೆಯ ಅಡ್ಡಗೋಡೆ ಕಟ್ಟಿ, ಮೇಲೂ ಕೆಳಗೂ ಗಾಳಿಕಿಂಡಿ ಬಿಟ್ಟ ಎರಡು ಗೂಡು ಮಾಡಿದರೆ ಸಾಕೇ? ಎರಚಲು ಒಳಗೆ ಬಾರದಂತೆ ಆ ಕಿಂಡಿಗಳಿಗೆ ನೀವು ಏನು ಮಾಡಿದ್ದೀರಿ?