ಅಪ್‌ಡೇಟ್: ಗೋವಾದ ಮನೆ, ಸ್ಲ್ಯಾಬ್‌ಗೆ ಮುಂಚೆ ಯಾವುದಕ್ಕೆ ದುಡ್ಡು ಹಾಕೋದು?

ಗೋವಾದ ಕಡಲತೀರದ ಕೋಲ್ವಾ ಹತ್ತಿರ ಕಟ್ಟುತ್ತಿರೋ ಮನೆಗೆ ಸೋಲಾರ್, ಕಾರ್ ಚಾರ್ಜರ್, ಉಪ್ಪುಗಾಳಿಗೆ ತಡೆ ಎಲ್ಲಾ ಬೇಕು, ಬಜೆಟ್ ಸಾಲಲ್ಲ, ಯಾವುದು ಮೊದಲು ಅಂತ ಕೇಳಿದ್ದೆ. ಸ್ಲ್ಯಾಬ್ ಆಯ್ತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೆಲಸಕ್ಕೆ ಬಂದಿದ್ದು "ಕಾಂಕ್ರೀಟ್ ಒಳಗೆ ಹೋಗೋದನ್ನ ಈಗ ಮಾಡಿ, ಹೊರಗಿರೋದು ಆಮೇಲೆ" ಅಂದವರ ಮಾತು. ಮೀಟರ್ ಬೋರ್ಡಿಂದ ಟೆರೇಸಿಗೂ (ಸೋಲಾರ್‌ಗೆ) ಪಾರ್ಕಿಂಗಿಗೂ (ಚಾರ್ಜರ್‌ಗೆ) ಒಂದೊಂದು 32 ಎಂಎಂ ಖಾಲಿ ಪೈಪ್, ಒಳಗೆ ಆಮೇಲೆ ವೈರ್ ಎಳೆಯೋಕೆ ಒಂದು ತಂತಿ, ಎರಡೂ ತುದಿಗೆ ಮುಚ್ಚಳ. ಮುಚ್ಚಳ ಇಲ್ಲದಿದ್ರೆ ಸಿಮೆಂಟ್ ಹಾಲು ಇಳಿದು ಪೈಪ್ ಕಟ್ಟಿಕೊಳ್ಳುತ್ತೆ. ಪೈಪ್ ತಿರುಗೋ ಕಡೆ ಎಲ್ಬೋ (ಚೂಪು ಮೂಲೆಯ ಜೋಡಣೆ) ಬೇಡ, ಲಾಂಗ್ ಬೆಂಡ್ (ನಿಧಾನಕ್ಕೆ ಬಾಗೋ ತಿರುವು) ಹಾಕಿಸಿ. 7.4 ಕಿಲೋವ್ಯಾಟ್ ಚಾರ್ಜರ್ ಸುಮಾರು 32 ಆಂಪ್ ಎಳೆಯುತ್ತೆ. ಅದಕ್ಕೆ ಬೇಕಾದ 6 ಚದರ ಎಂಎಂ ತಾಮ್ರದ ವೈರ್ ಎಲ್ಬೋದಲ್ಲಿ ಸಿಕ್ಕಿಕೊಳ್ಳುತ್ತೆ. ದೂರ ಜಾಸ್ತಿ ಇದ್ರೆ 10 ಚದರ ಎಂಎಂ ವೈರ್ ಹಾಕಿ.

ಉಪ್ಪುಗಾಳಿಗೆ ತುಕ್ಕು ಹಿಡೀದಿರಲಿ ಅಂತ ಹಾಕೋ ಎಪಾಕ್ಸಿ (ಪ್ಲಾಸ್ಟಿಕ್ ಥರದ ರಾಳ) ಲೇಪದ ಕಂಬಿ ಮಾತ್ರ ನಡೀಲಿಲ್ಲ. ಬಗ್ಗಿಸಿದ ಕಡೆಯೆಲ್ಲ ಲೇಪ ಕಿತ್ತು ಬಂತು, ತುಕ್ಕು ಹಿಡಿಯೋದು ಅಲ್ಲಿಂದಲೇ. ಬದಲಿಗೆ ಎಂ30 (ಗಟ್ಟಿತನದ ದರ್ಜೆ) ಕಾಂಕ್ರೀಟ್, 45 ಎಂಎಂ ಕವರ್, ಅಂದ್ರೆ ಕಂಬಿ ಮೇಲೆ ಅಷ್ಟು ದಪ್ಪ ಕಾಂಕ್ರೀಟ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಕರಾವಳಿಗೆ ಹೇಳೋದೂ ಅದನ್ನೇ. ಕಂಬಿಯನ್ನ ಅಷ್ಟು ಅಂತರದಲ್ಲಿ ಹಿಡಿಯೋ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ತುರುಕೋಕೆ ಮೇಸ್ತ್ರಿಗಳು ನೋಡ್ತಾರೆ, ಬಿಡಬೇಡಿ.

ಗೊತ್ತಿರದೇ ಇದ್ದ ವಿಷಯ: 304 ಗ್ರೇಡ್ ಸ್ಟೇನ್‌ಲೆಸ್ ಸ್ಟೀಲ್ ರೇಲಿಂಗಿಗೂ ಇಲ್ಲಿ ಕಂದು ಕಲೆ ಬೀಳುತ್ತೆ, ಅದೂ ಸಜ್ಜೆ ಕೆಳಗೇ ಜಾಸ್ತಿ. ಉಪ್ಪು ತೊಳೆಯೋಕೆ ಅಲ್ಲಿಗೆ ಮಳೆ ತಾಗಲ್ಲವಲ್ಲ! 316 ಗ್ರೇಡ್ ತಗೊಳ್ಳಿ, ಆಗಾಗ ಸಿಹಿನೀರಲ್ಲಿ ಒರೆಸಿ.

ಸ್ಮಾರ್ಟ್ ಸ್ವಿಚ್ (ಫೋನಿಂದ ನಡೆಸೋ ಸ್ವಿಚ್) ಸದ್ಯಕ್ಕೆ ಬಿಟ್ಟಿದ್ದೀನಿ, ಆಮೇಲೆ ಹಾಕೋಕೆ ಈಗ ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ವೈರ್ ಎಳೆಸಿದ್ರೆ ಸಾಕು. ಪೈಪುಗಳ ಪಕ್ಕ ಅಳತೆ ಟೇಪ್ ಇಟ್ಟು ಫೋಟೋ ತೆಗೆದಿಟ್ಟುಕೊಳ್ಳಿ, ಡ್ರಿಲ್ ಹೊಡೆಯುವಾಗ ಬೇಕಾಗುತ್ತೆ.