ದೊಡ್ಡಮಾವ, ಕಾರ್ಡಿನಲ್ಲಿ ಆಪರೇಷನ್ ಮಾಡಿಸಿಕೊಂಡವರು ಸೋಮಾರಿಗಳಲ್ಲ

ದೊಡ್ಡಮಾವ, ನಮಸ್ಕಾರ. ಇದನ್ನು ಟೈಪ್ ಮಾಡಲು ಕೂತರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಎಲ್ಲರೂ ಪೂರ್ತಿ ಕೇಳಿ.

ಬೆಳಿಗ್ಗೆ ನೀವು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ್ದು ಇಷ್ಟು. ಊರಲ್ಲಿ ನಿಮ್ಮ ಪಕ್ಕದ ಬೀದಿಯವರಿಗೆ ಬಿಪಿಎಲ್ ಕಾರ್ಡಿನಲ್ಲಿ ಹಾರ್ಟ್ ಆಪರೇಷನ್ ಆಯಿತು, ಅಕ್ಕಿ ಫ್ರೀ, ಕರೆಂಟ್ ಫ್ರೀ, ಬಸ್ ಫ್ರೀ, ಈಗ ಆಪರೇಷನ್ನೂ ಫ್ರೀ, ಹೀಗಾದರೆ ಜನ ದುಡಿಯುವುದನ್ನೇ ಬಿಡುತ್ತಾರೆ. ನಮ್ಮಪ್ಪ ಯಾರ ಮುಂದೆಯೂ ಕೈ ಚಾಚಲಿಲ್ಲ, ಹಾಸಿಗೆ ಇದ್ದಷ್ಟೇ ಕಾಲು ಚಾಚಿದರು ಅಂದಿರಿ. ಸುಮಾರು ಜನ ಅದಕ್ಕೆ ಹೌದು ಹೌದು ಅಂದರು. ನನಗೆ ಸುಮ್ನಿರಲು ಆಗಲಿಲ್ಲ. ನಾನು ಆರೋಗ್ಯಮಿತ್ರ, ಅಂದರೆ ಸರ್ಕಾರಿ ಯೋಜನೆಯಲ್ಲಿ ಚಿಕಿತ್ಸೆಗೆ ಬರುವವರಿಗೆ ಆಸ್ಪತ್ರೆಯಲ್ಲಿ ನೆರವಾಗುವವಳು. ನಾನು ದಿನವೂ ಕೂರುವುದು ಆ ಕಾರ್ಡ್ ಹಿಡಿದುಕೊಂಡು ಬರುವವರ ಎದುರಿಗೇ.

ಅವರು ಹೇಗೆ ಬರುತ್ತಾರೆ ಅಂತ ಹೇಳುತ್ತೇನೆ. ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರಲ್ಲಿ ರೇಷನ್ ಕಾರ್ಡ್, ಎಲ್ಲರ ಆಧಾರ್, ಇಸಿಜಿ ಚೀಟಿ, ಹಳೇ ಮಾತ್ರೆಯ ಖಾಲಿ ಸ್ಟ್ರಿಪ್, ಎಲ್ಲ ಒಟ್ಟಿಗೆ. ಕೌಂಟರ್ ಮೇಲೆ ಅದನ್ನೆಲ್ಲ ಹರಡುತ್ತಾರೆ. ಹೆಂಡತಿ ಒಳಗೆ ಐಸಿಯುನಲ್ಲಿ ಇರುತ್ತಾಳೆ, ಗಂಡ ಹೊರಗೆ ನನ್ನ ಹತ್ತಿರ ಬಂದು ಮೊದಲು ಕೇಳುವುದು "ಎಷ್ಟಾಗುತ್ತೆ ಮೇಡಂ" ಅಂತ. ಹುಷಾರಾಗ್ತಾಳಾ ಅನ್ನುವುದು ಎರಡನೇ ಪ್ರಶ್ನೆ. ಅವನಿಗೆ ಪ್ರೀತಿ ಇಲ್ಲ ಅಂತಲ್ಲ. ದುಡ್ಡಿನ ಲೆಕ್ಕ ಗೊತ್ತಾಗದೆ ಎರಡನೇ ಪ್ರಶ್ನೆ ಕೇಳುವ ಧೈರ್ಯ ಅವನಿಗಿಲ್ಲ. ಖರ್ಚು ಯೋಜನೆಯಲ್ಲೇ ಆಗುತ್ತೆ ಅಂತ ಪೋರ್ಟಲ್‌ನಲ್ಲಿ ಅಪ್ರೂವಲ್ ಬಂತು ಅಂದ ಮೇಲೆ ಮುಖ ಸ್ವಲ್ಪ ಸಡಿಲ ಆಗುತ್ತದೆ, ಆಮೇಲೆ ಹೊರಗೆ ಹೋಗಿ ಟೀ ಕುಡಿದು ಬರುತ್ತಾನೆ. ಇವನು ದುಡಿಯುವುದನ್ನು ಬಿಟ್ಟವನಾ? ಹಿಂದಿನ ದಿನದವರೆಗೂ ಗಾರೆ ಕೆಲಸ ಮಾಡಿದ ಸಿಮೆಂಟು ಉಗುರಿನಲ್ಲಿ ಹಾಗೇ ಇರುತ್ತದೆ. ಫ್ರೀ ಇದೆ ಅಂತ ಯಾರಾದರೂ ಎದೆ ಕುಯ್ಯಿಸಿಕೊಳ್ಳುತ್ತಾರಾ, ನೀವೇ ಹೇಳಿ.

ಈಗ ತಾತನ ವಿಷಯಕ್ಕೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, ತಾತನ ಮೇಲೆ ನಿಮಗಿರುವಷ್ಟೇ ಗೌರವ ನನಗೂ ಇದೆ. ತಾತ ಸರ್ಕಾರದ ಮುಂದೆ ಕೈ ಚಾಚಲಿಲ್ಲ, ನಿಜ. ಆದರೆ ಅಜ್ಜಿಗೆ ಹೊಟ್ಟೆ ಆಪರೇಷನ್ ಆದಾಗ ಕಾಲುವೆ ಪಕ್ಕದ ಗದ್ದೆ ಹೋಯಿತಲ್ವಾ? ಅಮ್ಮ ಎಷ್ಟೋ ಸಲ ಹೇಳಿದ್ದಾಳೆ. ಮೊದಲು ಬಡ್ಡಿ ಸಾಲ ತಂದರು, ಬಡ್ಡಿ ಕಟ್ಟಲು ಆಗಲಿಲ್ಲ, ಕೊನೆಗೆ ಸಾಲ ಕೊಟ್ಟವರೇ ಗದ್ದೆ ಬರೆಸಿಕೊಂಡರು. ಚಿಕ್ಕಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದರೂ ಕಾಲೇಜಿಗೆ ಕಳಿಸಲಿಲ್ಲ, ಯಾಕೆಂದರೆ ಆ ವರ್ಷ ಮನೆಯಲ್ಲಿ ದುಡ್ಡಿರಲಿಲ್ಲ. ಚಿಕ್ಕಮ್ಮ ಈ ಗ್ರೂಪಿನಲ್ಲೇ ಇದ್ದಾರೆ, ಬೇಕಾದರೆ ಅವರನ್ನೇ ಕೇಳಿ. ನಾವು ತಾತನದು ಸ್ವಾಭಿಮಾನ ಅಂತ ಹೊಗಳುತ್ತೇವೆ, ಅದರ ಬಿಲ್ ಕಟ್ಟಿದ್ದು ಚಿಕ್ಕಮ್ಮ. ಅವತ್ತು ಒಂದು ಕಾರ್ಡ್ ಇದ್ದಿದ್ದರೆ ಗದ್ದೆ ಉಳಿಯುತ್ತಿತ್ತು, ಗದ್ದೆ ಉಳಿದಿದ್ದರೆ ನಾವು ಇನ್ನೂ ಗಟ್ಟಿಯಾಗಿ ನಮ್ಮ ಕಾಲ ಮೇಲೆ ನಿಲ್ಲುತ್ತಿದ್ದೆವು. ನಾನು ಹೇಳಲು ಹೊರಟಿರುವುದೇ ಇದು. ಕಾಯಿಲೆಗೆ ಸರ್ಕಾರ ದುಡ್ಡು ಹಾಕಿದರೆ ಮನುಷ್ಯನ ದುಡಿಮೆ ಉಳಿಯುತ್ತದೆ, ಹಾಳಾಗಲ್ಲ.

ಇನ್ನೊಂದು ಮಾತು. ನೀವು ಪೀಣ್ಯದಲ್ಲಿ ಫ್ಯಾಕ್ಟರಿಯಲ್ಲಿ ಇದ್ದಾಗ ಅತ್ತೆಯ ಎರಡೂ ಹೆರಿಗೆ ಆಗಿದ್ದು ಇಎಸ್‌ಐ ಆಸ್ಪತ್ರೆಯಲ್ಲಿ, ಅಂದರೆ ನೌಕರರ ವಿಮೆಯ ಆಸ್ಪತ್ರೆಯಲ್ಲಿ. ಅದು ನನ್ನ ಸಂಬಳದಲ್ಲಿ ಹಿಡಿದ ದುಡ್ಡು ಅನ್ನುತ್ತೀರಿ, ಸರಿಯೇ. ಆದರೆ ಅದರಲ್ಲಿ ನಿಮ್ಮ ಪಾಲಿಗಿಂತ ಮಾಲೀಕನ ಪಾಲೇ ಜಾಸ್ತಿ ಇತ್ತು. ಈಗಲೂ ನೌಕರನದು 0.75 ಪರ್ಸೆಂಟ್, ಮಾಲೀಕನದು 3.25 ಪರ್ಸೆಂಟ್. 1948ರಲ್ಲಿ ಸರ್ಕಾರ ಕಾನೂನು ಮಾಡಿದ್ದಕ್ಕೆ ಮಾಲೀಕ ಕಟ್ಟಿದ, ತಾನಾಗಿ ಕಟ್ಟಲಿಲ್ಲ. ಗಾರೆ ಕೆಲಸದವನಿಗೆ ಅಂಥ ಮಾಲೀಕ ಇಲ್ಲ, ಇವತ್ತು ಒಬ್ಬ ಮೇಸ್ತ್ರಿ, ನಾಳೆ ಇನ್ನೊಬ್ಬ. ಅವನೂ ಸೋಪು, ಬಿಸ್ಕತ್ತು, ಮೊಬೈಲ್ ರೀಚಾರ್ಜಿಗೆಲ್ಲ ಜಿಎಸ್‌ಟಿ ಕಟ್ಟುತ್ತಾನೆ. ಹಾಗಾಗಿ ತೆರಿಗೆ ಕಟ್ಟುವವರು ನಾವು, ತಿನ್ನುವವರು ಅವರು ಅನ್ನುವ ಮಾತು ನನಗೆ ಸರಿ ಕಾಣಲ್ಲ.

ನನ್ನ ಇನ್ಶೂರೆನ್ಸ್ ನಾನು ಕಟ್ಟುತ್ತೇನೆ, ನನಗೆ ಸರ್ಕಾರ ಬೇಡ ಅಂತಲೂ ಬರೆದಿದ್ದೀರಿ. ಇನ್ಶೂರೆನ್ಸ್ ಖಂಡಿತ ಕಟ್ಟಿ, ಬಿಡಲೇಬೇಡಿ. ಆದರೆ ಹಬ್ಬಕ್ಕೆ ಊರಿಗೆ ಬಂದಾಗ ರಾತ್ರಿ ಎದೆನೋವು ಬಂತು ಅಂದುಕೊಳ್ಳಿ. (ದೇವರ ದಯೆಯಿಂದ ಹಾಗಾಗದಿರಲಿ.) ಬೆಂಗಳೂರಿನ ದೊಡ್ಡ ಆಸ್ಪತ್ರೆ ಎಷ್ಟು ದೂರ? 2008ರಿಂದ ಓಡುತ್ತಿರುವ ಸರ್ಕಾರದ 108 ಆಂಬುಲೆನ್ಸ್ ಬರಬೇಕು, ತಾಲ್ಲೂಕು ಆಸ್ಪತ್ರೆಗೇ ಕರೆದುಕೊಂಡು ಹೋಗಬೇಕು. ಅಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಅಂತ ಯೋಜನೆ ಇದೆ. ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ಹೃದಯ ಡಾಕ್ಟರುಗಳಿಗೆ ಕಳಿಸುತ್ತಾರೆ, ಅವರು ನೋಡಿ ಹೇಳಿದರೆ ರಕ್ತದ ಗಂಟು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಅದಕ್ಕೆ 30 ಸಾವಿರಕ್ಕೂ ಮೇಲಿದೆ, ಅಲ್ಲಿ ಉಚಿತ. ಬಿಪಿಎಲ್ಲಾ ಎಪಿಎಲ್ಲಾ ಅಂತ ನೋಡುತ್ತಾ ಕೂರುವ ಹೊತ್ತು ಅದಲ್ಲ. ಆ ಮೊದಲ ಒಂದು ಗಂಟೆಯಲ್ಲಿ ನಿಮ್ಮ ಪಾಲಿಸಿ ಎಷ್ಟು ಲಕ್ಷದ್ದಾದರೂ ಆ ಇಂಜೆಕ್ಷನ್ ಅನ್ನು ಹಳ್ಳಿಗೆ ತಂದುಕೊಡಲ್ಲ. ಎಲ್ಲರ ದುಡ್ಡು ಸೇರಿ ತಾಲ್ಲೂಕಿನಲ್ಲಿ ಫ್ರಿಜ್ಜಿನಲ್ಲಿ ಮೊದಲೇ ಇಟ್ಟಿದ್ದರೆ ಮಾತ್ರ ಅದು ಸಿಗುವುದು.

ಹೃದಯದ ರಕ್ತನಾಳ ತೆರೆದಿಡಲು ಹಾಕುವ ಸಣ್ಣ ಜಾಲರಿ, ಸ್ಟೆಂಟ್, ಅದರ ವಿಷಯವೂ ಹಾಗೇ. ಔಷಧಿ ಇರುವ ಸ್ಟೆಂಟಿಗೆ ಮೊದಲು ಲಕ್ಷದ ಮೇಲೂ ಹಾಕುತ್ತಿದ್ದರು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 29,600 ರೂಪಾಯಿಗೆ ಮಿತಿ ಹಾಕಿತು. ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಂಡವರಿಗೂ ಅದರ ಲಾಭ ಸಿಕ್ಕಿತು.

ನಿಮ್ಮ ಮಾತಿನಲ್ಲಿ ನಿಜವೂ ಇದೆ, ಅದನ್ನು ಮುಚ್ಚಿಡಲ್ಲ. ಟ್ರ್ಯಾಕ್ಟರ್, ಎರಡಂತಸ್ತಿನ ಮನೆ ಇಟ್ಟುಕೊಂಡು ಬಿಪಿಎಲ್ ಕಾರ್ಡ್ ತರುವವರನ್ನು ನಾನೇ ನೋಡಿದ್ದೇನೆ, ಕೋಪ ಬರುತ್ತದೆ. ಕಾರ್ಡಿನಲ್ಲಿ ಪೂರ್ತಿ ಉಚಿತ ಅಂತಿದ್ದರೂ "ಒಳ್ಳೇ ಸ್ಟೆಂಟ್ ಬೇಕಾದರೆ ಮೇಲೆ ಇಷ್ಟು ಕೊಡಿ" ಅನ್ನುವ ಆಸ್ಪತ್ರೆಗಳೂ ಇವೆ. ರೆಫರಲ್ ಲೆಟರಿಗೆ ಅಲೆದಾಡಿಸುವುದಂತೂ ಎಲ್ಲರಿಗೂ ಗೊತ್ತು. ಬಿಪಿ ಮಾತ್ರೆ ಸರ್ಕಾರ ಕೊಟ್ಟರೂ ನುಂಗದೆ, ಬೀಡಿ ಬಿಡದೆ, ಕಾಲು ಕೈ ಬಿದ್ದ ಮೇಲೆ ಬರುವವರಿಗೆ ನಾನು ಬೈದೇ ಬೈಯುತ್ತೇನೆ. ಅದು ಅವರವರ ಜವಾಬ್ದಾರಿ, ಅದನ್ನು ಯಾವ ಸರ್ಕಾರವೂ ಮಾಡಿಕೊಡಲು ಆಗಲ್ಲ. ಸುಳ್ಳು ಕಾರ್ಡಿನವರನ್ನು ಪತ್ತೆ ಹಚ್ಚಲಿ, ಜಾಸ್ತಿ ವಸೂಲಿ ಮಾಡುವವರಿಗೆ ದಂಡ ಹಾಕಲಿ, ಅದಕ್ಕೆ ನಾನೂ ಸೈ ಅನ್ನುತ್ತೇನೆ. ಅದಕ್ಕಾಗಿ ಯೋಜನೆಯನ್ನೇ ನಿಲ್ಲಿಸಿ ಅನ್ನುವುದು ಬೇಡ. ದೇಶದಲ್ಲಿ ಆರೋಗ್ಯಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಜನ ಜೇಬಿನಿಂದ ಕೊಡುವ ಪಾಲು 2013-14ರಲ್ಲಿ ನೂರಕ್ಕೆ 64 ಇತ್ತು, 2021-22ಕ್ಕೆ 39ಕ್ಕೆ ಇಳಿಯಿತು ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. ಆ 39 ಕೂಡ ಕಡಿಮೆ ಏನಲ್ಲ. ಅದರೊಳಗೆ ಎಷ್ಟು ಜನರ ಗದ್ದೆ, ಓಲೆ, ಹಸು ಇದೆಯೋ.

ಗೃಹಲಕ್ಷ್ಮಿಯ 2,000 ರೂಪಾಯಿ ಬಗ್ಗೆ ಒಂದೇ ಮಾತು. ಕಂತು ತಡವಾದ ತಿಂಗಳಲ್ಲಿ ಶುಗರ್ ಮಾತ್ರೆ ನಿಲ್ಲಿಸಿದ ಹೆಂಗಸರು ನನ್ನ ಹತ್ತಿರ ಬರುತ್ತಾರೆ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಅದರಿಂದಲೇ ಗೊತ್ತು.

ನಿಮ್ಮ ಕೈಲಾದಷ್ಟು ನೀವು ಹಾಕಿ, ಉಳಿದದ್ದು ಎಲ್ಲರೂ ಸೇರಿ ಹಾಕೋಣ ಅನ್ನುವ ದಾರಿ ನಮ್ಮ ರಾಜ್ಯದಲ್ಲೇ ಇದೆ ಮಾವ. 2003ರಲ್ಲಿ ಡಾ. ದೇವಿ ಶೆಟ್ಟಿಯವರ ಯೋಚನೆಯಿಂದ ಯಶಸ್ವಿನಿ ಅನ್ನುವ ಆರೋಗ್ಯ ಯೋಜನೆ ಶುರುವಾದಾಗ ಸಹಕಾರ ಸಂಘದ ರೈತ ಕಟ್ಟುತ್ತಿದ್ದುದು ತಿಂಗಳಿಗೆ 5 ರೂಪಾಯಿ, ಅದಕ್ಕೆ ಸರ್ಕಾರವೂ ಸೇರಿಸಿತು. ಅದರಲ್ಲಿ ಆಪರೇಷನ್ ಮಾಡಿಸಿಕೊಂಡ ರೈತ ಸೋಮಾರಿ ಅಂತ ಆಗ ಯಾರೂ ಅನ್ನಲಿಲ್ಲ. 2018ರಲ್ಲಿ ಅದು ನಿಂತಾಗ ತುಂಬಾ ಜನ ಒದ್ದಾಡಿದರು. ಬಿಪಿಎಲ್ ಇದ್ದವರಿಗೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಕ್ಕಿತು, ಎಪಿಎಲ್ ರೈತನಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿ ಮಾಡಿದ ದರದ, ಶೇಕಡಾ 30 ಮಾತ್ರ. ಮಧ್ಯದಲ್ಲಿ ಸಿಕ್ಕಿಬಿದ್ದವರು ಅವರೇ. 2022ರ ಕೊನೆಯಲ್ಲಿ ಮತ್ತೆ ನೋಂದಣಿ ಶುರುವಾಯಿತು, ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ.

ಅದಕ್ಕೇ ಚಿಕ್ಕಪ್ಪ, ನಿಮಗೆ ಹೇಳುತ್ತಿದ್ದೇನೆ. ನಿಮ್ಮದು ಎಪಿಎಲ್ ಕಾರ್ಡ್, ಡೇರಿಗೆ ಹಾಲು ಹಾಕುತ್ತೀರಿ, ಸಂಘದ ಸದಸ್ಯರು. ಯಶಸ್ವಿನಿ ನೋಂದಣಿ ಯಾವಾಗ ಅಂತ ಸೆಕ್ರೆಟರಿಯನ್ನು ನಾಳೆಯೇ ಕೇಳಿ, ಚಿಕ್ಕಮ್ಮನ ಹೆಸರು ಬಿಡಬೇಡಿ, ಎಲ್ಲರ ಆಧಾರ್ ಮತ್ತು ರೇಷನ್ ಕಾರ್ಡ್ ಫೋಟೋ ನನಗೆ ಬೇರೆಯಾಗಿ ಕಳಿಸಿ, ಹೆಸರು ಸರಿ ಇದೆಯಾ ನಾನು ನೋಡುತ್ತೇನೆ. ದೊಡ್ಡಮಾವ, ನಿಮ್ಮ ಪಾಲಿಸಿಯಲ್ಲಿ ಅತ್ತೆಗೆ ಶುಗರ್ ಇದೆ ಅಂತ ಬರೆಸಿದ್ದೀರಾ ಒಮ್ಮೆ ನೋಡಿ. ಬರೆಸಿಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ತೆಗೆಯುತ್ತಾರೆ. ಭಾನುವಾರ ಮನೆಗೆ ಬಂದಾಗ ಪಾಲಿಸಿ ಪೇಪರ್ ತೆಗೆದಿಟ್ಟಿರಿ, ಕೂತು ಓದೋಣ.