ಬಿಸಿಲೂರಿನ ತಗಡಿನ ಶೆಡ್ಡಿನಲ್ಲಿ ಮರಗೆಲಸ: ಹಲಗೆ ಬಿರಿಯದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ (ಗಂಗಾವತಿಯಿಂದ)

ಎಲ್ಲರಿಗೂ ನಮಸ್ಕಾರ. ಊರಿನಲ್ಲಿದ್ದ ನಮ್ಮ ಹಳೆಯ ಮಾಳಿಗೆ ಮನೆಯನ್ನು ಕಳೆದ ವರ್ಷ ಕೆಡವಿದಾಗ ತೇಗದ ಎರಡು ತೊಲೆಗಳು, ಬೇವಿನ ಕೆಲವು ಜಂತಿಗಳು ಮತ್ತು ಬಾಗಿಲಿನ ಒಂದು ಚೌಕಟ್ಟು ಉಳಿದುಕೊಂಡವು. ಸೌದೆಗೆ ಹಾಕಲು ಮನಸ್ಸು ಬಾರದೆ ಅವನ್ನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದೇನೆ. ಶೆಡ್ಡು 8 ಅಡಿ ಅಗಲ, 10 ಅಡಿ ಉದ್ದವಿದ್ದು, ಅದರಲ್ಲಿ ಇರುವುದು ಒಂದೇ ಸಾಮಾನ್ಯ ಪ್ಲಗ್ ಪಾಯಿಂಟ್. ರಜಾದಿನಗಳಲ್ಲಿ ಮನೆಗೆ ಬೇಕಾದ ಸಣ್ಣಪುಟ್ಟ ಸಾಮಾನುಗಳನ್ನು ನಾನೇ ಮಾಡಿಕೊಳ್ಳಬೇಕೆಂಬ ಆಸೆ ಇದೆ.

ನನ್ನ ಸಂದೇಹಗಳು ಎರಡು. ಮೊದಲಿಗೆ ಯಾವ ಉಪಕರಣಗಳನ್ನು ಕೊಳ್ಳಬೇಕು, ಕೈ ಪಳಗಲು ಏನನ್ನು ಮಾಡಿ ನೋಡಬೇಕು? ಎರಡನೆಯದು, ಮಳೆಗಾಲದಲ್ಲಿ ಮಾಡಿಸಿದ ನಮ್ಮ ದೇವರ ಮಂಟಪದ ಹಿಂಬದಿಯ ಹಲಗೆ ಏಪ್ರಿಲ್ ಬರುವಷ್ಟರಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿರಿದಿದೆ. ಮರ ಒಳ್ಳೆಯ ತೇಗವೇ, ಮಾಡಿದ ಬಡಿಗರ ಕೈಯೂ ಪಳಗಿದ್ದೇ. ಹಾಗಿದ್ದರೂ ಹೀಗೇಕೆ ಆಯಿತು, ಈಗ ಅದನ್ನು ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕಾಗಿ ವಿನಂತಿ.

ಉತ್ತರ 1 (ರಾಯಚೂರಿನಿಂದ)

ಸರ್, ನಾನು ಐಟಿಐಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ತಾವು ಎರಡನೆಯದಾಗಿ ಕೇಳಿದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ತಿಳಿದರೆ ಏನನ್ನು ಮಾಡಬೇಕು, ಹೇಗೆ ಮಾಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮರವನ್ನು ಕಡಿದು ಎಷ್ಟು ವರ್ಷವಾಗಿದ್ದರೂ ಅದು ಗಾಳಿಯಲ್ಲಿರುವ ತೇವವನ್ನು ಹೀರಿ ಉಬ್ಬುತ್ತದೆ, ಗಾಳಿ ಒಣಗಿದಾಗ ತೇವವನ್ನು ಬಿಟ್ಟುಕೊಟ್ಟು ಕುಗ್ಗುತ್ತದೆ. ಉದ್ದದಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಕಡಿಮೆ, ಆಗುವುದೆಲ್ಲ ಅಗಲದಲ್ಲಿ. ಹೆಚ್ಚು ಜರುಗದ ಮರವೆಂದು ಹೆಸರಾದ ತೇಗದಲ್ಲಿಯೂ ತೇವಾಂಶ ನೂರಕ್ಕೆ 4ರಷ್ಟು ಇಳಿದರೆ ಒಂದು ಅಡಿ ಅಗಲದ ಹಲಗೆ ಸುಮಾರು 2 ಮಿಲಿಮೀಟರ್ ಕುಗ್ಗಬಲ್ಲದು. ನಮ್ಮ ಕಡೆ ಸೆಪ್ಟೆಂಬರಿನ ಮಳೆಗೂ ಏಪ್ರಿಲ್‌ನ ಬಿಸಿಗಾಳಿಗೂ ಇರುವ ಅಂತರವನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಉಬ್ಬಿದ ಹಲಗೆಯನ್ನು ಸುತ್ತಲೂ ಮೊಳೆ ಹೊಡೆದು ಬಿಗಿದರೆ, ಬೇಸಿಗೆಯಲ್ಲಿ ಕುಗ್ಗಲು ಅದಕ್ಕೆ ಎಡೆ ಇರುವುದಿಲ್ಲ. ಎರಡೂ ಅಂಚುಗಳನ್ನು ಮೊಳೆಗಳು ಹಿಡಿದಿರುವುದರಿಂದ ಅದು ನಡುವೆ ಎಲ್ಲಿ ಬಲ ಕಡಿಮೆಯೋ ಅಲ್ಲಿ ಬಿರಿಯುತ್ತದೆ. ತಮ್ಮ ಮಂಟಪವನ್ನು ಹಿಂದಿನಿಂದ ನೋಡಿದರೆ ಹಲಗೆಯ ಎರಡೂ ಅಂಚಿಗೆ ಸಾಲಾಗಿ ಮೊಳೆ ಕಾಣಬಹುದು ಎಂದು ನನ್ನ ಊಹೆ.

ಆ ಬಿರುಕಿಗೆ ಈಗಲೇ ಲಪ್ಪ (ಸಂದಿ ಮುಚ್ಚುವ ಮೆತ್ತೆ) ತುಂಬಲು ಹೋಗಬೇಡಿ. ಮಳೆ ಬಂದು ಹಲಗೆ ಉಬ್ಬಿದಾಗ ತುಂಬಿದ್ದು ಹೊರಗೆ ದಬ್ಬಿಕೊಂಡು ಬರುತ್ತದೆ, ಇಲ್ಲವೇ ಹಲಗೆ ಇನ್ನೊಂದು ಕಡೆ ಬಿರಿಯುತ್ತದೆ. ಮೊಳೆ ಕಿತ್ತು, ಹಲಗೆಯನ್ನು ಹೊರತೆಗೆದು, ಬಿರಿದ ಎರಡು ಹೋಳುಗಳನ್ನು ಅಂಟು ಹಚ್ಚಿ ಕೂಡಿಸಿ. ಆಮೇಲೆ ಚೌಕಟ್ಟಿನ ಒಳಬದಿಯಲ್ಲಿ ತೋಡು ತೆಗೆದು, ಅದರೊಳಗೆ ಹಲಗೆಯನ್ನು ಅಂಟಿಲ್ಲದೆ ಸಡಿಲವಾಗಿ ಕೂರಿಸಿ. ತೋಡು ತೆಗೆಯುವುದು ಕಷ್ಟವೆನಿಸಿದರೆ ಹಿಂದೆ ಮುಂದೆ ತೆಳುಪಟ್ಟಿ ಹೊಡೆದು ನಡುವೆ ಹಲಗೆ ನಿಲ್ಲಿಸಿದರೂ ನಡೆದೀತು. ಮೊಳೆ ಪಟ್ಟಿಯಿಂದ ಚೌಕಟ್ಟಿಗೆ ಹೋಗಬೇಕೇ ಹೊರತು ಹಲಗೆಯನ್ನು ಮುಟ್ಟಬಾರದು. ಮಂಟಪ ಇರುವ ಕೋಣೆಯಲ್ಲಿ ನೀರಿನ ಕೂಲರ್ ಓಡುತ್ತಿದ್ದರೆ ಅದರ ಗಾಳಿ ನೇರವಾಗಿ ಮರಕ್ಕೆ ಬಡಿಯದಂತೆ ತಿರುಗಿಸಿಡಿ. ಹಗಲು ತೇವ, ರಾತ್ರಿ ಒಣಹವೆ ಎಂದಾದರೆ ಎಂಥ ಮರವೂ ತಾಳಲಾರದು.

ಇದೇ ಪಾಠವನ್ನು ಕೈಯಿಂದ ಕಲಿಯಲು ಊಟದ ಮಣೆಗಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ಒಂದು ಅಡಿ ಅಗಲ, ಒಂದೂವರೆ ಅಡಿ ಉದ್ದದ ಒಂದು ಹಲಗೆ, ಕೆಳಗೆ ಅಡ್ಡಲಾಗಿ ಎರಡು ಪಟ್ಟಿ, ಇಷ್ಟೇ. ಪ್ರತಿ ಪಟ್ಟಿಗೂ ಮೂರು ಸ್ಕ್ರೂ ಹಾಕಿ, ಅಂಟು ಬೇಡ. ನಡುವಿನ ಸ್ಕ್ರೂವಿಗೆ ಪಟ್ಟಿಯಲ್ಲಿ ಸರಿಯಳತೆಯ ತೂತು ಕೊರೆಯಿರಿ. ಎರಡು ಬದಿಯ ಸ್ಕ್ರೂಗಳಿಗೆ ಮಾತ್ರ ಪಟ್ಟಿಯ ಉದ್ದಕ್ಕೆ ಎಳೆದ ಉದ್ದನೆಯ ತೂತು ಇರಲಿ. ಆಗ ಹಲಗೆ ನಡುವಿನಿಂದ ಎರಡೂ ಕಡೆಗೆ ಉಬ್ಬಿ ಕುಗ್ಗಿದರೂ ಸ್ಕ್ರೂ ಆ ತೂತಿನಲ್ಲಿ ಜಾರುತ್ತದೆ, ಮಣೆ ಸಪಾಟಾಗಿಯೇ ಉಳಿಯುತ್ತದೆ. ಮುಂದೆ ಟೇಬಲ್ಲಿನ ಮೇಲ್ಹಲಗೆಯನ್ನು ಬಿಗಿಯುವಾಗಲೂ ಕ್ರಮ ಇದೇ.

ತಮ್ಮ ತೊಲೆಗಳು ಒಣಗಿದ ಮರವಾದ್ದರಿಂದ ತಾವು ಅದೃಷ್ಟವಂತರು. ಆದರೆ ಸಾ ಮಿಲ್ಲಿಗೆ ಒಯ್ಯುವ ಮುನ್ನ ತಂತಿ ಬ್ರಷ್‌ನಿಂದ ಮಾಳಿಗೆಯ ಮಣ್ಣನ್ನು ಪೂರ್ತಿ ತಿಕ್ಕಿ ತೆಗೆಯಿರಿ. ಆ ಮಣ್ಣಿನಲ್ಲಿರುವ ಮರಳು ಗರಗಸದ ಹಲ್ಲನ್ನು ತಿನ್ನುತ್ತದೆ. ಹಾಳಾದ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ತೊಲೆಯ ನಾಲ್ಕೂ ಮೈಮೇಲೆ ಇಳಿಬಿಟ್ಟು ಸಾಗಿಸಿದರೆ, ಮೇಲ್ಮೈಗೆ ಸಮೀಪದಲ್ಲಿ ಮುರಿದು ಕುಳಿತಿರುವ ಮೊಳೆಗಳು ಸಿಕ್ಕಿಬೀಳುತ್ತವೆ. ಕೊಯ್ದ ಹಲಗೆಗಳನ್ನು ನಡುನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು, ತಗಡಿನಿಂದ ದೂರದಲ್ಲಿ, ನೆಲಕ್ಕೆ ತಾಗದಂತೆ ಒಟ್ಟಿರಿ. ಅವುಗಳ ಪೈಕಿ ಒಂದು ತುಂಡನ್ನು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ತೂಕ ಇಳಿಯುವುದು ನಿಂತಿತೆಂದರೆ ಮರ ಅಲ್ಲಿನ ಹವೆಗೆ ಹೊಂದಿಕೊಂಡಿತೆಂದು ಅರ್ಥ.

ಉತ್ತರ 2 (ಬಳ್ಳಾರಿಯಿಂದ)

ನಮಸ್ಕಾರ ಸರ್. ಮೇಲಿನ ಹಿರಿಯರು ಮರದ ವಿಚಾರವನ್ನು ಪೂರ್ತಿಯಾಗಿ ಹೇಳಿರುವುದರಿಂದ ನಾನು ಶೆಡ್ಡಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಾನು ವಿದ್ಯುತ್ ಗುತ್ತಿಗೆ ಕೆಲಸ ಮಾಡುವವಳು; ಮರಗೆಲಸ ನನಗೆ ಹವ್ಯಾಸ.

ಅಂಗಡಿಯಲ್ಲಿ ಸಿಗುವ 7 ಇಂಚಿನ ಸರ್ಕ್ಯುಲರ್ ಗರಗಸಗಳು ಸಾಮಾನ್ಯವಾಗಿ 1,200ರಿಂದ 1,400 ವ್ಯಾಟ್‌ನವು. 230 ವೋಲ್ಟ್‌ನಲ್ಲಿ 1,400 ವ್ಯಾಟ್ ಎಂದರೆ 6 ಆಂಪಿಯರ್ ದಾಟುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ತಮ್ಮ ಸಾಮಾನ್ಯ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಡ್ರಿಲ್ ಮತ್ತು ಜಿಗ್‌ಸಾ ಅದರಲ್ಲಿ ನಡೆಯುತ್ತವೆ. ಸರ್ಕ್ಯುಲರ್ ಗರಗಸ ಕೊಳ್ಳುವುದಾದರೆ ಮೀಟರ್ ಬೋರ್ಡಿನಿಂದ 2.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆಸಿ, 16 ಆಂಪಿಯರ್ ಪಾಯಿಂಟ್ ಮಾಡಿಸಿ, ಅದಕ್ಕೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿರಿ. ತಗಡಿನ ಗೋಡೆಯ ಶೆಡ್ಡಿನಲ್ಲಿ ವೈರು ಸುಲಿದರೆ ಇಡೀ ಗೋಡೆಗೆ ಕರೆಂಟ್ ಬರುತ್ತದೆ, ಆದ್ದರಿಂದ ಅರ್ಥಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಬಳಸಿದರೆ ಅದು ಬಿಸಿಯೇರುತ್ತದೆ. ಪೂರ್ತಿ ಬಿಚ್ಚಿ ಹಾಸಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮರಕ್ಕೆ ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗಿನ ಶಾಖಕ್ಕೆ ಹೊರಗೆ ಹೋಗಲು ದಾರಿ ಸಿಗದಿದ್ದರೆ ಬಟ್ಟೆಗೆ ಬೆಂಕಿಕಡ್ಡಿಯ ಅಗತ್ಯವಿಲ್ಲದೆಯೇ ಬೆಂಕಿ ಹತ್ತುತ್ತದೆ. ನಮ್ಮ ಮೇ ತಿಂಗಳ ತಗಡಿನ ಶೆಡ್ಡು ಅದಕ್ಕೆ ಹೇಳಿ ಮಾಡಿಸಿದ ಜಾಗ. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರವಿ ಒಣಗಿಸಿರಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಅಗಸೆ ಎಣ್ಣೆಯ ಬದಲು ಮನೆಯಲ್ಲಿರುವ ಶೇಂಗಾ ಎಣ್ಣೆ ಹಚ್ಚಬಹುದೇ ಎಂದು ಹಲವರು ಕೇಳುತ್ತಾರೆ. ಅದು ಒಣಗುವ ಎಣ್ಣೆಯಲ್ಲ, ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ.

ಬೇವನ್ನು ಉಜ್ಜುವಾಗ ಏಳುವ ಪುಡಿ ಮೂಗು, ಗಂಟಲನ್ನು ಕೆರಳಿಸುತ್ತದೆ. ಮರದ ಧೂಳು ಕ್ಯಾನ್ಸರ್‌ಕಾರಕಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿಯೂ ಇದೆ. ಎನ್95 ಮಾಸ್ಕ್ ಹಾಕಿಕೊಳ್ಳಿ, ಫ್ಯಾನಿನ ಮುಖ ಹೊರಗಿರಲಿ.

ಉತ್ತರ 3 (ಕೊಪ್ಪಳದಿಂದ)

ನಮ್ಮದು ಬಡಿಗತನದ ಮನೆತನ. ಅಕ್ಕನವರು ಹೇಳಿದ್ದೆಲ್ಲ ಸರಿ, ಆದರೆ ಸರ್ಕ್ಯುಲರ್ ಗರಗಸದ ಮಾತು ಈಗಲೇ ಬೇಕಿರಲಿಲ್ಲ ಎಂದು ನನ್ನ ಅಭಿಪ್ರಾಯ. ತೊಲೆ ಸೀಳಲು ಹೇಗೂ ಸಾ ಮಿಲ್ ಇದೆ. ಒಂದು ಕೈಗರಗಸ, ಒಂದು ರಂದಾ (ಮರದ ಮೈ ಹೆರೆದು ನುಣುಪು ಮಾಡುವ ಉಪಕರಣ), ಕಾಲಿಂಚು, ಅರ್ಧ ಇಂಚು, ಒಂದು ಇಂಚಿನ ಮೂರು ಉಳಿ, ಕೊಡತಿ (ಮರದ ಸುತ್ತಿಗೆ), ಗುಣ್ಯಾ (ಲಂಬಕೋನ ನೋಡುವ ಮೂಲೆಮಟ್ಟ), ನಾಲ್ಕು ಕ್ಲ್ಯಾಂಪು ಇದ್ದರೆ ಮೊದಲ ವರ್ಷದ ಕೆಲಸಕ್ಕೆ ಸಾಕು. ಗುಣ್ಯಾ ಕೊಳ್ಳುವಾಗ ಅಂಗಡಿಯಲ್ಲೇ ಪರೀಕ್ಷಿಸಿ: ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆದು, ಮಗುಚಿ ಇಟ್ಟು ಅದೇ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿರಿ, ಎರಡೂ ಕೂಡಿದರೆ ಮಾತ್ರ ದುಡ್ಡು ಕೊಡಿ.

ಹೊಸ ಉಳಿಗೆ ಬಾಯಿ ಇರುವುದಿಲ್ಲ, ಸಾಣೆ ಹಿಡಿಯಲೇಬೇಕು. ಇಳಕಲ್, ಕುಷ್ಟಗಿ ಕಡೆಯ ಗ್ರಾನೈಟ್ ಅಂಗಡಿಗಳಲ್ಲಿ ಪಾಲಿಶ್ ಆದ ತುಂಡು ಸಿಗುತ್ತದೆ. ಅದರ ಮೇಲೆ ವಾಟರ್ ಪೇಪರನ್ನು (ನೀರಿನಲ್ಲಿ ನೆನೆಸಿ ಬಳಸುವ ಉಜ್ಜುಕಾಗದ) ನೀರು ಹಚ್ಚಿ ಅಂಟಿಸಿ 400, 1000, 2000 ನಂಬರಿನ ಕ್ರಮದಲ್ಲಿ ತಿಕ್ಕಿರಿ. ಮೊದಲು ಉಳಿಯ ಬೆನ್ನು ತುದಿಯ ಬಳಿ ಕನ್ನಡಿಯಂತಾಗಬೇಕು, ಆಮೇಲೆ ಸುಮಾರು 30 ಡಿಗ್ರಿ ಓರೆಯಲ್ಲಿ ಬಾಯಿ ಹಿಡಿಯಿರಿ. ಮುಂಗೈಯ ಕೂದಲು ಬೋಳಾದರೆ ಹದ ಬಂತು.

ಸಂದಿ ತುಂಬಲು ನಮ್ಮ ಪಕ್ಕದ ಕಿನ್ನಾಳದವರನ್ನು ನೋಡಿ ಕಲಿಯಬಹುದು. ಅವರು ಗೊಂಬೆಗಳ ಕೂಡುಗಳನ್ನು ಹುಣಸೆಬೀಜದ ಅಂಟು, ಮರದ ಹೊಟ್ಟು ಮುಂತಾದವು ಸೇರಿದ ಕಿಟ್ಟದಿಂದ ಮುಚ್ಚುತ್ತಾರೆ. ತಾವು ಅದೇ ಮರದ ನುಣ್ಣನೆಯ ಪುಡಿಗೆ ಫೆವಿಕಾಲ್ ಬೆರೆಸಿದರೆ ಸಣ್ಣ ಸಂದಿಗೆ ಸಾಕು, ಬಣ್ಣವೂ ಹತ್ತಿರಕ್ಕೆ ಬರುತ್ತದೆ. ಮಂಟಪದ ಬಿರುಕಿಗೆ ಮಾತ್ರ ಇದು ಬೇಡ, ಗುರುಗಳು ಹೇಳಿದಂತೆಯೇ ಮಾಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮಂಟಪದ ಹಿಂದೆ ನೋಡಿದೆ, ಎರಡೂ ಅಂಚಿಗೆ ಮೊಳೆಯ ಸಾಲು ಇದೆ. ಹಲಗೆಯ ಹೋಳುಗಳನ್ನು ಅಂಟಿಸುವುದನ್ನು ಈ ಬಿಸಿಲಿನಲ್ಲೇ ಮಾಡಬಹುದೇ, ಮಳೆಗಾಲದವರೆಗೆ ಕಾಯಬೇಕೇ?

ಉತ್ತರ 1 (ರಾಯಚೂರಿನಿಂದ)

ಈಗಲೇ ಮಾಡಿ ಸರ್. ಹಲಗೆ ಅತಿ ಹೆಚ್ಚು ಕುಗ್ಗಿರುವ ಕಾಲ ಇದು. ಆದರೆ ಬೆಳಿಗ್ಗೆ ಎಂಟರೊಳಗೆ ಅಂಟು ಹಚ್ಚಿ, ಕ್ಲ್ಯಾಂಪು ಬಿಗಿದು ಮುಗಿಸಿ. ಮಧ್ಯಾಹ್ನದ ಕಾವಿಗೆ ಅಂಟು ಹೋಳುಗಳನ್ನು ಕೂಡಿಸುವ ಮೊದಲೇ ಕೆನೆಗಟ್ಟುತ್ತದೆ, ಆಮೇಲೆ ಎಷ್ಟು ಬಿಗಿದರೂ ಹಿಡಿಯುವುದಿಲ್ಲ. ತೋಡಿನಲ್ಲಿ ಕೂರಿಸುವಾಗ ಹಲಗೆ ಮಳೆಗಾಲಕ್ಕೆ ಉಬ್ಬುತ್ತದೆಂಬುದನ್ನು ಲೆಕ್ಕಕ್ಕೆ ಹಿಡಿದು, ಒಂದು ಅಡಿ ಅಗಲಕ್ಕೆ ಪ್ರತಿ ಬದಿಯಲ್ಲೂ 2 ಮಿಲಿಮೀಟರ್ ಎಡೆ ಬಿಡಿ.